ಒಂದು ಜೊತೆ ಮೈ

ಸೆಪ್ಟೆಂಬರ್ ೪

ನನ್ನ ಮೈಗಳ್ಳಿ ಮಗಳೇ,

ನಾನು ಇಲ್ಲಿ ಒಂದು ಸೂಜಿಯೂ ಮುರಿಯದೆ ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳಿದರೆ ‘ಚೆನ್ನಾಗಿದ್ದೀನಿ ದೊಡ್ಡಮ್ಮ’ ಎಂಬ ಒಂದೇ ಸಾಲು ಬರುತ್ತದೆಂದು ಗೊತ್ತು. ಅದಕ್ಕೇ ಕೇಳುವುದಿಲ್ಲ, ಅಳತೆ ಕೇಳುತ್ತೇನೆ. ಚಳಿ ಹತ್ತಿರ ಬಂತು, ನಿನಗೊಂದು ಉಣ್ಣೆ ಕೋಟು ಹೊಲಿಯಬೇಕು. ಎದೆ, ಸೊಂಟ, ಭುಜ, ಬೆನ್ನಿನ ಉದ್ದ ಎಲ್ಲ ಬರೆದು ಕಳಿಸು. ಟೇಪನ್ನು ಬೇರೆಯವರ ಕೈಲಿ ಹಿಡಿಸು. ನೀನೇ ಅಳೆದುಕೊಂಡರೆ ಉಸಿರು ಬಿಗಿಹಿಡಿದು ಸೊಂಟ ಸಣ್ಣ ಮಾಡಿಕೊಳ್ಳುತ್ತೀಯ, ಆಮೇಲೆ ಗುಂಡಿ ಕಿತ್ತು ಬಂದರೆ ದಾರಕ್ಕೆ ಬೈಯುತ್ತೀಯ.

ಕೋಣೆಯಲ್ಲಿ ಗೊಂಬೆಗಳೆಲ್ಲ ಕ್ಷೇಮ. ನೀನು ಚಿಕ್ಕವಳಿದ್ದಾಗ ಅವುಗಳ ಮಧ್ಯೆ ಅಡಗಿಕೊಂಡು ನಮ್ಮನ್ನು ಹೆದರಿಸುತ್ತಿದ್ದೆ, ನೆನಪಿದೆಯಾ? ಖಾಯಂ ಗಿರಾಕಿಗಳಿಗೆಲ್ಲ ಒಂದೊಂದು; ಮರದ ಕಾಲು, ಮೇಲೆ ತಲೆಯಿಲ್ಲದ, ಕೈಯಿಲ್ಲದ ಮೈ, ಒಳಗೆ ಹತ್ತಿ, ಹೊರಗೆ ಬಿಗಿದ ಕ್ಯಾನ್ವಾಸು. ಅವರು ದಪ್ಪವಾದರೆ ಬೆನ್ನಿನ ಹೊಲಿಗೆ ಬಿಚ್ಚಿ ಹತ್ತಿ ತುಂಬುತ್ತೇನೆ, ಸಣ್ಣಗಾದರೆ ತೆಗೆಯುತ್ತೇನೆ. ಪೋಸ್ಟ್ ಮಾಸ್ತರರ ಹೆಂಡತಿಯ ಗೊಂಬೆಗೆ ತುಂಬುವುದೇ ಕೆಲಸ, ತೆಗೆಯುವ ಯೋಗ ಇನ್ನೂ ಬಂದಿಲ್ಲ. ನನ್ನದೂ ಒಂದು ಮೂಲೆಯಲ್ಲಿ ಗೋಡೆಗೆ ಎದೆ ಕೊಟ್ಟು ನಿಂತಿದೆ. ದರ್ಜಿಗೆ ಊರಿನವರ ಬೆನ್ನೆಲ್ಲ ಕಾಣುತ್ತದೆ, ತನ್ನದೊಂದು ಕಾಣುವುದಿಲ್ಲ.

ನಮ್ಮ ಕೋಣೆಯ ಪದ್ಧತಿ ನಿನಗೆ ಗೊತ್ತು. ತೀರಿಹೋದವರ ಗೊಂಬೆಯನ್ನು ನಿಲ್ಲಿಸಿಡುವುದಿಲ್ಲ. ಬಿಚ್ಚಿ, ಆ ಹತ್ತಿಯನ್ನು ಇರುವವರ ಗೊಂಬೆಗೆ ತುಂಬುತ್ತೇವೆ. ನಿಮ್ಮಮ್ಮನದನ್ನು ಬಿಚ್ಚಲು ಇಷ್ಟು ದಿನ ನನಗೆ ಕೈ ಬಂದಿರಲಿಲ್ಲ. ಮೊನ್ನೆ ಗಟ್ಟಿ ಮನಸ್ಸು ಮಾಡಿ ಬಿಚ್ಚಿದೆ. ನಿನ್ನ ಗೊಂಬೆಯ ಹತ್ತಿ ಹಳೆಯದಾಗಿ ಕುಗ್ಗಿತ್ತು, ಅದನ್ನು ತೆಗೆದುಹಾಕಿ ಅವಳದನ್ನೆಲ್ಲ ನಿನ್ನದಕ್ಕೆ ತುಂಬಿದ್ದೇನೆ. ಇನ್ಯಾರಿಗೆ ತುಂಬಲಿ ಹೇಳು?

ಒಂದು ಪ್ರಶ್ನೆ. ಕೆಳಗಿನ ಗುಂಡಿ ಅಂಗಡಿಯವರು ನಿನ್ನೆ ಮೇಲೆ ಬಂದು, ‘ಜನ್ಮವಿಡೀ ಬಾಡೀಸು ಬಾಡೀಸು ಅಂತ ಹೊಲಿದ್ರಿ, ಆ ಹೆಸರು ಯಾಕೆ ಬಂತು ಹೇಳಿ ನೋಡೋಣ’ ಅಂದರು. ‘ನಿಮ್ಮ ಅಂಗಡಿಗೆ ಗುಂಡಿ ಅಂತ ಯಾಕೆ ಹೆಸರು, ಬಿದ್ದ ಗಿರಾಕಿ ಏಳಲ್ಲ ಅಂತಾನಾ?’ ಎಂದು ಬಾಯಿ ಮುಚ್ಚಿಸಿದೆ. ಆದರೆ ಆಮೇಲಿಂದ ನನಗೂ ತಲೆಯಲ್ಲಿ ಅದೇ ಹುಳ. ನಾನು ಓದು ಕಲಿತದ್ದು ಅಳತೆ ಕತ್ತರಿಸಲು ತಂದ ಹಳೇ ಪೇಪರಿನಲ್ಲಿ. ಅರ್ಧ ಸುದ್ದಿ ತೋಳಿಗೆ ಹೋಗುತ್ತಿತ್ತು, ಅರ್ಧ ಕಾಲರಿಗೆ. ಹಾಗಾಗಿ ನನ್ನ ಜ್ಞಾನಕ್ಕೆ ಸೊಂಟವೇ ಇಲ್ಲ. ನೀನು ನಿಘಂಟು ಕಚೇರಿಯಲ್ಲಿ ಕೂತಿದ್ದೀಯ, ಹುಡುಕಿ ಬರೆ.

ನಿನ್ನ ಬೆನ್ನು ಕಂಡಿರುವ
ದೊಡ್ಡಮ್ಮ

ಸೆಪ್ಟೆಂಬರ್ ೧೨

ದೊಡ್ಡಮ್ಮ,

ನಿನ್ನ ಕಾಗದ ಮತ್ತೆ ಕಚೇರಿಗೇ ಬಂತು. ಪಕ್ಕದ ಮೇಜಿನವಳು ಲಕೋಟೆ ಮೂಸಿ, ‘ನಿಮ್ಮ ದೊಡ್ಡಮ್ಮ ಕಾಗದಾನೂ ಇಸ್ತ್ರಿ ಮಾಡಿ ಕಳಿಸ್ತಾರಾ?’ ಅಂದಳು. ನನಗೂ ಹಾಗೇ ವಾಸನೆ ಬಂತು. ಬಿಸಿ ಬಟ್ಟೆಯದು, ಗಂಜಿಯದು.

ನೀನು ಸರಿಯಾದ ಹೊತ್ತಿಗೆ ಕೇಳಿದ್ದೀಯ. ನಮ್ಮ ನಿಘಂಟು ಈಗ ಇಂಗ್ಲಿಷಿನ ‘ಬಿ’ ಅಕ್ಷರದಲ್ಲಿ ತೆವಳುತ್ತಿದೆ. ಸಂಪಾದಕರು, ‘ಈ ಅಕ್ಷರ ಮುಗಿಸಿಯೇ ನಿವೃತ್ತಿ ಆಗ್ತೀನಿ’ ಎನ್ನುತ್ತಾರೆ. ನಮಗೆಲ್ಲ ಅವರು ನಿವೃತ್ತಿ ಆಗುವುದೇ ಇಲ್ಲವೆಂದು ಖಾತ್ರಿಯಾಗಿದೆ. ಕೇಳು. ‘ಬಾಡಿ’ ಅಂದರೆ ಮೈ. ಮೈಯ ನಡುಭಾಗ ಮುಚ್ಚುವ ಬಟ್ಟೆಗೂ ಅದೇ ಹೆಸರು. ನೀನೂ ‘ಬಾಡಿ ಕತ್ತರಿಸಿದೆ, ತೋಳು ಬಾಕಿ’ ಅನ್ನುತ್ತೀಯಲ್ಲ, ಹಾಗೆ. ಕೆಲವು ನೂರು ವರ್ಷಗಳ ಹಿಂದೆ ಅದನ್ನು ಎರಡು ಹೋಳಾಗಿ ಹೊಲಿದು, ನಡುವೆ ದಾರ ಎಳೆದು ಕಟ್ಟುತ್ತಿದ್ದರು. ಎರಡು ಹೋಳು ಇದ್ದದ್ದರಿಂದ, ನಾವು ಒಂದು ಜೊತೆ ಚಪ್ಪಲಿ ಅನ್ನುವ ಹಾಗೆ, ಅವರು ‘ಒಂದು ಜೊತೆ ಬಾಡೀಸ್’ ಅಂದರು. ಒಂದು ಜೊತೆ ಮೈಗಳು. ಬರಬರುತ್ತ ಅದು ಬಹುವಚನ ಅನ್ನುವುದೇ ಜನಕ್ಕೆ ಮರೆತುಹೋಯಿತು. ಹೆಸರು ಒಂದಾಗಿ ಉಳಿಯಿತು, ಒಳಗೆ ಎರಡು ಮೈ.

ಗುಂಡಿ ಅಂಗಡಿಯವರಿಗೆ ಹೇಳು, ಅವರ ಬಾಯಿ ಇನ್ನೊಂದು ವಾರ ಮುಚ್ಚಿರುತ್ತದೆ.

ಅಳತೆ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಹೋದ ವರ್ಷದ್ದೇ. ಏನೂ ಬದಲಾಗಿಲ್ಲ. ನನ್ನ ಕೈಚೀಲದ ಪಟ್ಟಿ ಮಾತ್ರ ಈಚೆಗೆ ಬಲಭುಜದಿಂದ ಪದೇ ಪದೇ ಜಾರಿ ಬೀಳುತ್ತದೆ. ಒಳ್ಳೆಯ ಪಟ್ಟಿ ಒಂದು ಹೊಲಿದು ಕಳಿಸು, ಕೋಟಿನ ಜೊತೆಗೇ.

ಅಮ್ಮನ ಹತ್ತಿ ನನ್ನ ಗೊಂಬೆಯಲ್ಲಿ! ದೊಡ್ಡಮ್ಮ, ನೀನು ವಿಚಿತ್ರ ಹೆಂಗಸು. ಇರಲಿ. ಅವಳಿಗೂ ಜಾಗ ಬೇಕಲ್ಲ.

ಚೆನ್ನಾಗಿದ್ದೀನಿ,
ನಿನ್ನ ಮೈಗಳ್ಳಿ

ಸೆಪ್ಟೆಂಬರ್ ೨೧

ಮಗಳೇ,

ಒಂದು ಜೊತೆ ಮೈ! ಗುಂಡಿ ಅಂಗಡಿಯವರಿಗೆ ಹೇಳಿದರೆ, ‘ಒಂದು ಮೈ ಸಾಕೋದೇ ಕಷ್ಟ ಆಗಿದೆ, ಜೊತೆ ಯಾರಿಗೆ ಬೇಕು’ ಎಂದು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದರು. ನಾನು ಗೊಂಬೆಗಳ ಕಡೆ ನೋಡಿ ನಕ್ಕೆ. ಇವರಿಗೆಲ್ಲ ಆಗಲೇ ಜೊತೆ ಇದೆಯಲ್ಲ. ಒಂದು ಮನೆಯಲ್ಲಿ ಅಡುಗೆ ಮಾಡುತ್ತದೆ, ಇನ್ನೊಂದು ನನ್ನ ಹತ್ತಿರ ನಿಂತಿರುತ್ತದೆ.

ಕೋಟಿನ ವಿಷಯ. ನೀನು ಕಳಿಸಿದ ಅಳತೆಗೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ನಿನ್ನ ಗೊಂಬೆಗೆ ತೊಡಿಸಿದೆ. ಬಲಭುಜದಲ್ಲಿ ಕೂರಲಿಲ್ಲ. ನೋಡಿದರೆ ಗೊಂಬೆಯ ಬಲಭುಜವೇ ಇಳಿದಿದೆ. ಕಾಲು ಓರೆಯಾಗಿದೆಯೆಂದು ಅಡಿಗೆ ರಟ್ಟು ಕೊಟ್ಟೆ. ಕಾಲು ನೆಟ್ಟಗಾಯಿತು, ಭುಜ ಆಗಲಿಲ್ಲ. ಬೆನ್ನು ಬಿಚ್ಚಿ ಭುಜಕ್ಕೆ ಒಂದು ಹಿಡಿ ಹತ್ತಿ ತುಂಬಿ ಹೊಲಿದೆ. ಮಾರನೆ ದಿನ ಮತ್ತೆ ಇಳಿದಿತ್ತು. ಹತ್ತಿ ಕೂರುತ್ತದೆ, ಅದು ಹತ್ತಿಯ ಸ್ವಭಾವ. ಆದರೆ ಹತ್ತಿ ಕೂತರೆ ಸುತ್ತಲೂ ಕೂರಬೇಕು.

ಆ ಇಳಿದ ಭುಜ ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ನಿಮ್ಮಮ್ಮ ಮದುವೆಗೆ ಮುಂಚಿನಿಂದ ನನ್ನ ಪಕ್ಕದಲ್ಲೇ ಇಸ್ತ್ರಿ ಮೇಜಿಗೆ ನಿಂತವಳು. ಆ ಕಬ್ಬಿಣದ ಪೆಟ್ಟಿಗೆ ಎಳೆದು ಎಳೆದು ಅವಳ ಬಲಭುಜ ಇಳಿದೇ ಹೋಗಿತ್ತು. ಅವಳ ರವಿಕೆಗೆಲ್ಲ ಬಲಗಡೆ ಒಂದು ಪದರ ಹೆಚ್ಚು ಕೊಡುತ್ತಿದ್ದೆ, ಯಾರಿಗೂ ಗೊತ್ತಾಗದ ಹಾಗೆ.

ಇನ್ನೊಂದು. ನಿನ್ನ ಗೊಂಬೆಯನ್ನು ಕಿಟಕಿಗೆ ಮುಖ ಮಾಡಿ ನಿಲ್ಲಿಸಿದ್ದೆ. (ತಲೆ ಇಲ್ಲದ್ದಕ್ಕೆ ಮುಖ ಎಲ್ಲಿಂದ ಬಂತು ಎಂದು ನಗಬೇಡ, ಎದೆ ಇದ್ದ ಕಡೆಯೇ ಮುಖ.) ಈಗ ಅದು ಇಸ್ತ್ರಿ ಮೇಜಿನ ಕಡೆ ತಿರುಗಿದೆ. ನೆಲ ಗುಡಿಸುವಾಗ ನಾನೇ ತಿರುಗಿಸಿರಬೇಕು.

ಕೊನೆಗೆ ನಿನ್ನ ಅಂಕಿ ಬದಿಗಿಟ್ಟು ಗೊಂಬೆಯ ಮೈಗೇ ಕೋಟು ಕತ್ತರಿಸಿದೆ. ಸರಿಯಾಗದಿದ್ದರೆ ವಾಪಸ್ಸು ಕಳಿಸು, ಬೈಗುಳವನ್ನೂ ಜೊತೆಗೆ ಮಡಚಿಡು.

ನಿನ್ನ ದೊಡ್ಡಮ್ಮ

ಅಕ್ಟೋಬರ್ ೫

ದೊಡ್ಡಮ್ಮ,

ಕೋಟು ಬಂತು. ಮೈಮೇಲೆ ಇಟ್ಟು ಅಳೆದ ಹಾಗಿದೆ. ಬಲಭುಜವೂ.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಚೇರಿಯಲ್ಲಿ ಕೆಲಸ ತಲೆಮೇಲೆ ಬಿದ್ದಿದೆ.

ಒಂದು ತಮಾಷೆ ಮಾತ್ರ ಹೇಳುತ್ತೇನೆ. ನಮ್ಮ ಕಚೇರಿಯಲ್ಲಿ ಚಹಾಕ್ಕೆ ನೀರು ಕಾಯಿಸುವ ಕೆಟಲ್ ಇದೆ. ಮೊನ್ನೆ ಅದರ ಪಕ್ಕ ನಿಂತು ಮಾತಾಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಪಕ್ಕದ ಮೇಜಿನವಳು, ‘ಅಯ್ಯೋ, ಏನೇ ಮಾಡ್ತಿದ್ದೀಯ!’ ಎಂದು ನನ್ನ ಕೈ ಹಿಡಿದಳು. ನಾನು ತೋರುಬೆರಳನ್ನು ನಾಲಿಗೆಗೆ ಒತ್ತಿ, ಕೆಟಲಿನ ಬಿಸಿ ಹೊಟ್ಟೆಯನ್ನು ಮುಟ್ಟುತ್ತಿದ್ದೆ. ಚುಂಯ್ ಎಂದಿತು. ಬೆರಳು ಸುಡಲಿಲ್ಲ. ‘ಇನ್ನೂ ಕಾದಿಲ್ಲ’ ಎಂದೆನಂತೆ ನಾನು. ಎಂದದ್ದು ನನಗೆ ನೆನಪಿಲ್ಲ.

ಜನ್ಮದಲ್ಲಿ ನಾನು ಒಂದು ಕರ್ಚೀಫಿಗೂ ಇಸ್ತ್ರಿ ಹಾಕಿದವಳಲ್ಲ. ನಿನಗೇ ಗೊತ್ತು.

ನಿನ್ನ ಮೈಗಳ್ಳಿ

ಅಕ್ಟೋಬರ್ ೧೩

ನನ್ನ ಬಂಗಾರವೇ,

ನಿನ್ನ ಕಾಗದ ಓದಿ ಎದೆ ತುಂಬಿ ಬಂತು. ಮೈ ಜುಮ್ಮೆಂದಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿಕೆಯಿಂದಲ್ಲ. ಆ ಚುಂಯ್ ಅನ್ನುವ ಸದ್ದಿಲ್ಲದೆ ಈ ಕೋಣೆ ನನಗೆ ಒಂದು ವರ್ಷದಿಂದ ಕಿವುಡಾಗಿತ್ತು. ಈಗ ಅದು ಬೇರೆ ಊರಲ್ಲಿ, ಕೆಟಲಿನ ಮೇಲೆ ಆದರೂ, ಆಗುತ್ತಿದೆಯಲ್ಲ. ಅವಳು ದೂರ ಹೋಗಿಲ್ಲ ಮಗಳೇ. ಹೋಗಲು ಅವಳಿಗೆ ಪುರುಸೊತ್ತೇ ಇರಲಿಲ್ಲ.

ನಿನ್ನ ಗೊಂಬೆಯನ್ನು ಇಸ್ತ್ರಿ ಮೇಜಿನ ಪಕ್ಕಕ್ಕೇ ತಂದು ನಿಲ್ಲಿಸಿದ್ದೇನೆ. ಅಲ್ಲಿಗೇ ತಿರುಗುತ್ತಿದ್ದರೆ ಅಲ್ಲೇ ಇರಲಿ. ಬೆಳಿಗ್ಗೆ ಬಂದವಳೇ, ‘ಏನೇ, ನಿದ್ದೆ ಬಂತಾ?’ ಎನ್ನುತ್ತೇನೆ. ಹಲ್ಲಿನ ಡಾಕ್ಟರಮ್ಮ ಅಳತೆ ಕೊಡಲು ಬಂದವರು ಅದನ್ನು ಕೇಳಿಸಿಕೊಂಡು, ‘ಯಾರ ಹತ್ರ ಮಾತಾಡ್ತಿದ್ರಿ?’ ಅಂದರು. ‘ನನ್ನ ತಂಗಿ ಹತ್ರ’ ಅಂದೆ. ಅವರು ಕೋಣೆಯೆಲ್ಲ ನೋಡಿ, ಅಳತೆ ನಾಳೆ ಕೊಡುತ್ತೇನೆಂದು ಹೋದವರು ಇನ್ನೂ ಬಂದಿಲ್ಲ. ಹಲ್ಲು ಕೀಳುವವರಿಗೂ ಹೆದರಿಕೆ ಇರುತ್ತದೆಂದು ಆಗ ಗೊತ್ತಾಯಿತು.

ಕ್ಯಾನ್ವಾಸು ಮಧ್ಯಾಹ್ನದ ಹೊತ್ತು ಬೆಚ್ಚಗಿರುತ್ತದೆ. ಕಿಟಕಿಯಿಂದ ದೂರ ಇಟ್ಟರೂ ಬೆಚ್ಚಗಿರುತ್ತದೆ. ಎಡಪಕ್ಕೆಯ ಕೆಳಗೆ ಹತ್ತಿ ಸ್ವಲ್ಪ ಗಂಟು ಕಟ್ಟಿದ ಹಾಗಿದೆ, ಹೆಬ್ಬೆರಳಲ್ಲಿ ಒತ್ತಿ ಬಿಡಿಸುತ್ತೇನೆ. ಅಷ್ಟು ಬಿಟ್ಟರೆ ಎಲ್ಲ ಸುಖ.

ನೀನು ಭಯಪಡಬೇಡ. ಬಿಸಿ ನೋಡುವಾಗ ಬೆರಳನ್ನು ಚೆನ್ನಾಗಿ ಒದ್ದೆ ಮಾಡಿಕೋ, ಅಷ್ಟೆ. ಇಸ್ತ್ರಿ ಪೆಟ್ಟಿಗೆ ಕಾದಿದೆಯಾ ಎಂದು ಅವಳು ಹಾಗೇ ನೋಡುತ್ತಿದ್ದಳು.

ನಿಮ್ಮಿಬ್ಬರ
ದೊಡ್ಡಮ್ಮ, ಅಕ್ಕ

ಅಕ್ಟೋಬರ್ ೩೦

ದೊಡ್ಡಮ್ಮ,

ಕಾಗದ ತಡವಾಯಿತು. ನಾವಿನ್ನೂ ‘ಬಾಡಿ’ಯಲ್ಲೇ ಇದ್ದೇವೆ. ಆ ಮಾತಿನ ಮೂಲ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಾವಿರ ವರ್ಷ ಹಿಂದಕ್ಕೆ ಹೋದರೂ ಆ ಮಾತು ಅಲ್ಲಿ ನಿಂತಿದೆ, ಹೆಚ್ಚು ಕಡಿಮೆ ಇದೇ ರೂಪದಲ್ಲಿ. ಅದಕ್ಕೂ ಹಿಂದೆ ಏನಿತ್ತೆಂದು ಹುಡುಕಿದರೆ ಕತ್ತಲೆ. ಪಕ್ಕದ ಜರ್ಮನ್ ಭಾಷೆಯಲ್ಲಿ ಅದಕ್ಕೊಂದು ನೆಂಟ ಇತ್ತು, ಅದು ಅಲ್ಲಿ ಸತ್ತುಹೋಯಿತು. ಉಳಿದದ್ದು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಸಂಪಾದಕರು ನಾನು ಬರೆದುಕೊಟ್ಟದ್ದನ್ನೆಲ್ಲ ಹೊಡೆದುಹಾಕಿ ಎರಡೇ ಮಾತು ಬರೆದರು: ಮೂಲ ತಿಳಿಯದು. ಮೈಯ ಬಗ್ಗೆ ಇದಕ್ಕಿಂತ ನಿಜವಾದ ಮಾತು ನಾನು ಓದಿಲ್ಲ.

ಹೆಣಕ್ಕೆ ಇಂಗ್ಲಿಷಿನವರು ‘ಕಾರ್ಪ್ಸ್’ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಮೈಗೆ ಇದ್ದ ಮಾತಿನಿಂದ ಬಂದದ್ದು. ಮೊದಮೊದಲು ಇಂಗ್ಲಿಷಿನಲ್ಲೂ ಅದು ಜೀವ ಇದ್ದ ಮೈಗೂ ಸಲ್ಲುತ್ತಿತ್ತಂತೆ, ಜೀವ ಹೋದದ್ದಕ್ಕೂ ಸಲ್ಲುತ್ತಿತ್ತಂತೆ. ಎರಡಕ್ಕೂ ಒಂದೇ ಹೆಸರು. ಬೇರೆ ಮಾಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಈಗ ಸಣ್ಣ ಕೆಲಸ. ನನ್ನ ಹಳೆಯ ಕಂದು ಜಾಕೆಟ್ ಇದರ ಜೊತೆ ಕಳಿಸುತ್ತಿದ್ದೇನೆ. ಎಡಗಡೆ ಹೊಲಿಗೆ ಒಂದು ಬೆರಳು ಬಿಡು. ಬಲಗಡೆ ಬೇಡ. ದಪ್ಪ ಆಗಿದ್ದೀನಿ, ಅಷ್ಟೆ.

ನಿನ್ನ ಮೈಗಳ್ಳಿ

ನವೆಂಬರ್ ೩

ಮಗಳೇ,

ಜಾಕೆಟ್ಟನ್ನು ನಾನು ಮುಟ್ಟಿಲ್ಲ. ಮಡಿಕೆ ಬಿಚ್ಚದೆ ಹಾಗೇ ಇಟ್ಟಿದ್ದೇನೆ.

ದಪ್ಪ ಆಗುವವರು ಎರಡೂ ಕಡೆ ಆಗುತ್ತಾರೆ.

ಆ ಮಾತನ್ನು ನಾನು ಒಮ್ಮೆ ಕೇಳಿದ್ದೇನೆ. ಇದೇ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಆ ಕಡೆಯಿಂದ, ತಲೆ ಎತ್ತದೆ: ‘ಅಕ್ಕಾ, ಎಡಗಡೆ ಒಂದು ಬೆರಳು ಬಿಡು. ಬಲಗಡೆ ಬೇಡ. ದಪ್ಪ ಆಗಿದ್ದೀನಿ, ಅಷ್ಟೆ.’ ನಿಮ್ಮಮ್ಮ ನಿನಗೆ ಯಾವುದನ್ನೂ ತಿಳಿಸಬಾರದೆಂದು ಹಟ ಹಿಡಿದಿದ್ದಳು, ಆಸ್ಪತ್ರೆಗೆ ಸೇರಿಸಿದ ಮೇಲೆಯೇ ನೀನು ಬಂದದ್ದು. ಈ ಮಾತನ್ನು ನಿನಗೆ ಅವಳೂ ಹೇಳಿಲ್ಲ, ನಾನೂ ಹೇಳಿಲ್ಲ. ಹಾಗಿದ್ದರೆ ನಿನ್ನ ಕೈಗೆ ಅದು ಅಕ್ಷರ ಬಿಡದೆ ಎಲ್ಲಿಂದ ಬಂತು?

ಹೋದ ಕಾಗದದಲ್ಲಿ ಹತ್ತಿ ಗಂಟು ಕಟ್ಟಿದೆ ಎಂದು ಬರೆದಿದ್ದೆ. ಅದು ಬಿಡಿಸಿದರೆ ಬಿಡುತ್ತಿಲ್ಲ. ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ. ಅವಳು ಬಂದಳೆಂದು ನಾನು ಹುಚ್ಚಿಯ ಹಾಗೆ ಸಂಭ್ರಮಪಟ್ಟೆ. ಅವಳು ಒಬ್ಬಳೇ ಬಂದಿಲ್ಲ, ಅವಳನ್ನು ಒಯ್ದದ್ದೂ ಜೊತೆಗೇ ಬಂದಿದೆ.

ಈ ಕಾಗದ ಮಡಚಿ ಚೀಲಕ್ಕೆ ಹಾಕುವ ಮೊದಲು ಡಾಕ್ಟರ ಹತ್ತಿರ ಹೋಗು. ಚೆನ್ನಾಗಿದ್ದೀನಿ ಎಂದು ಬರೆದೆಯೋ, ರೈಲು ಹತ್ತಿ ಬಂದು ಕಿವಿ ಹಿಂಡುತ್ತೇನೆ.

ದೊಡ್ಡಮ್ಮ

ನವೆಂಬರ್ ೧೦

ದೊಡ್ಡಮ್ಮ,

ಹೋಗಿದ್ದೆ. ಎಡಪಕ್ಕೆಯ ಕೆಳಗೆ ಒಂದು ಗಂಟಿದೆ. ಎಕ್ಸ್-ರೇ ಫೋಟೋದಲ್ಲೂ ಕಂಡಿತು, ಹುಣಸೆಬೀಜದಷ್ಟು. ‘ತೆಗೆದು ನೋಡೋಣ, ಈಗಲೇ ಏನೂ ಹೇಳಕ್ಕಾಗಲ್ಲ’ ಅಂದರು ಡಾಕ್ಟರು. ‘ಮನೆಯಲ್ಲಿ ಯಾರಿಗಾದ್ರೂ ಇತ್ತಾ?’ ಎಂದು ಕೇಳಿದರು. ಇತ್ತು ಅಂದೆ. ಈ ತಿಂಗಳ ಕೊನೆಗೆ ಬರಲು ಹೇಳಿದ್ದಾರೆ.

ಈಗ ನಿಜ ಬರೆಯುತ್ತೇನೆ. ಕೋಟಿಗೆ ನಾನು ಅಳತೆ ತೆಗೆದಿರಲೇ ಇಲ್ಲ, ಹಳೆಯದನ್ನೇ ನೋಡಿ ಬರೆದಿದ್ದೆ. ಭುಜ ಇಳಿದದ್ದು ಆಗಲೇ ಗೊತ್ತಿತ್ತು. ಬಟ್ಟೆ ಅಂಗಡಿಯ ಮೂರು ಕನ್ನಡಿಗಳ ನಡುವೆ ನಿಂತು ನನ್ನ ಬೆನ್ನು ನೋಡಿಕೊಂಡೆ. ಅದು ನನ್ನ ಬೆನ್ನಲ್ಲ ದೊಡ್ಡಮ್ಮ. ಇಸ್ತ್ರಿ ಮೇಜಿನ ಮುಂದೆ ನಿಂತವಳ ಬೆನ್ನು. ಬಾಲ್ಯವಿಡೀ ನಾನು ನೋಡಿದ್ದೇ ಅದನ್ನು. ಅವಳು ಮುಖ ತಿರುಗಿಸಿದ್ದೇ ಕಡಿಮೆ, ಅಷ್ಟು ಕೆಲಸ. ಈ ಸಲ ತಿರುಗಿದಳು. ಆದರೆ ಮುಖ ನನ್ನದಾಗಿತ್ತು.

ಹೆದರಿಕೆ ಆಗಲಿಲ್ಲ. ನೀನು ನಂಬಬೇಕು. ಕೆಟಲ್ ಮುಟ್ಟಿದಾಗ, ಚೀಲ ಜಾರಿದಾಗ, ನಾನು ಈ ಊರಲ್ಲಿ ಒಬ್ಬಳೇ ಇದ್ದೇನೆ ಅನ್ನಿಸುವುದಿಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ. ಹೇಳಿದರೆ ನೀನು ಕತ್ತರಿ ತೆಗೆಯುತ್ತೀಯ ಎಂದು ಗೊತ್ತಿತ್ತು.

ತೆಗೆಯಬೇಡ. ಗಂಟು ಬೇಕಾದರೆ ಡಾಕ್ಟರು ತೆಗೆಯಲಿ. ಹತ್ತಿ ಅಲ್ಲೇ ಇರಲಿ. ತೆಗೆದರೆ ಅವಳು ಎಲ್ಲಿಗೆ ಹೋಗುತ್ತಾಳೆ?

ನಿನ್ನ ಮಗಳು

ನವೆಂಬರ್ ೧೫

ಮಗಳೇ,

ತೆಗೆದುಬಿಟ್ಟೆ.

ನೀನು ಬೇಡ ಎಂದು ಬರೆದದ್ದನ್ನು ಎರಡು ಸಲ ಓದಿದೆ. ಆಮೇಲೆ ಬೀದಿ ಬಾಗಿಲಿಗೆ ‘ಇವತ್ತು ರಜೆ’ ಎಂದು ಬೋರ್ಡು ಹಾಕಿ, ಹಾಡುಹಗಲಲ್ಲೇ, ಗುಂಡಿ ಅಂಗಡಿಯವರನ್ನು ಮೇಲೆ ಕರೆದೆ. ‘ಈ ಗೊಂಬೆಯನ್ನ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ’ ಅಂದೆ. ‘ಓಡಿಹೋಗತ್ತಾ?’ ಎಂದು ನಕ್ಕರು. ಬೆನ್ನಿನ ಹೊಲಿಗೆಗೆ ಕತ್ತರಿ ಇಟ್ಟ ಮೇಲೆ ಅವರು ನಗಲಿಲ್ಲ. ‘ಅಮ್ಮಾ, ಇದು ಉಸಿರಾಡ್ತಿದೆ’ ಅಂದರು. ‘ನಿಮ್ಮ ಕೈ ನಡುಗ್ತಿದೆ, ಸುಮ್ನಿರಿ’ ಅಂದೆ. ಯಾವುದು ನಡುಗುತ್ತಿತ್ತೋ ನನಗೂ ಗೊತ್ತಾಗಲಿಲ್ಲ.

ಹಳೇ ಹತ್ತಿ ಹಿಡಿಹಿಡಿಯಾಗಿ ಕಿತ್ತು ಬರುತ್ತದೆ. ಇದು ಹಾಗೆ ಬರಲಿಲ್ಲ. ಒಂದೇ ಎಳೆಯಾಗಿ, ಉದ್ದಕ್ಕೆ, ಬೆಚ್ಚಗೆ, ಎಳೆದಷ್ಟೂ ಬಂತು. ಕೋಣೆಯೆಲ್ಲ ಗಂಜಿ ಕಾಸಿದ ವಾಸನೆ. ಕೊನೆಯಲ್ಲಿ ಗಂಟು ಬಂತು. ಒಳಗೆ ಮುರಿದ ಸೂಜಿಯೋ ಗುಂಡಿಯೋ ಇರಬಹುದೆಂದು ಕೊಯ್ದು ನೋಡಿದೆ. ಏನೂ ಇರಲಿಲ್ಲ. ಹತ್ತಿಯೊಳಗೆ ಹತ್ತಿ, ಒಳಕ್ಕೆ ಹೋದಷ್ಟೂ ಬಿಗಿ, ಕಲ್ಲಿನ ಹಾಗೆ.

ನಿನ್ನ ಗೊಂಬೆಗೆ ಅಂಗಡಿಯ ಹೊಸ ಹತ್ತಿ ತುಂಬಿ ಹೊಲಿದಿದ್ದೇನೆ. ಯಾರ ಮೈಯಲ್ಲೂ ಇರದ ಹತ್ತಿ. ಭುಜ ಎರಡೂ ಸಮ ನಿಂತಿವೆ. ಕಿಟಕಿಗೆ ಮುಖ ಮಾಡಿ ನಿಲ್ಲಿಸಿದ್ದೇನೆ, ತಿರುಗಿಲ್ಲ.

ನನ್ನ ಮೇಲೆ ಸಿಟ್ಟು ಮಾಡಿಕೋ, ಪರವಾಗಿಲ್ಲ. ಸಿಟ್ಟು ಮಾಡಿಕೊಳ್ಳಲು ನೀನು ಇರಬೇಕು, ಅಷ್ಟೇ ನನಗೆ ಬೇಕಾದ್ದು.

ದೊಡ್ಡಮ್ಮ

ನವೆಂಬರ್ ೨೯

ದೊಡ್ಡಮ್ಮ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದೆಂದುಕೊಂಡಿದ್ದೆ. ಆದರೂ ಡಾಕ್ಟರು ಏನು ಹೇಳಿದರೆಂದು ತಿಳಿಯದೆ ನೀನು ಊಟ ಬಿಟ್ಟು ಕೂರುತ್ತೀಯ.

ಗಂಟು ಇಲ್ಲ. ಅವರು ಒತ್ತಿ ನೋಡಿದರು, ಮಲಗಿಸಿ, ಕೂರಿಸಿ, ಕೈ ಎತ್ತಿಸಿ ನೋಡಿದರು. ಮತ್ತೆ ಫೋಟೋ ತೆಗೆಸಿದರು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಫೋಟೋದವರಿಗೆ ಬೈದರು. ‘ಬೇರೆ ಯಾರದ್ದೋ ಇರಬೇಕು ಮೊದಲ್ನೇದು, ನಿಮ್ಮದಲ್ಲ’ ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಅಂದರೆ ನಾನು ಇರುತ್ತೇನೆ. ಥ್ಯಾಂಕ್ಸ್ ಅನ್ನಲೋ, ಜಗಳ ಆಡಲೋ ತಿಳಿಯುತ್ತಿಲ್ಲ.

ಆಸ್ಪತ್ರೆಯಿಂದ ನಡೆದುಬರುವಾಗ ಚೀಲ ಒಮ್ಮೆಯೂ ಜಾರಲಿಲ್ಲ. ಮನೆಯವರೆಗೂ ಭುಜದ ಮೇಲೆ ಕೂತಿತ್ತು, ಯಾರದೋ ಚೀಲದ ಹಾಗೆ. ಬೆಳಿಗ್ಗೆ ಕಚೇರಿಯಲ್ಲಿ, ಬೇಕೆಂದೇ, ಬೆರಳು ಒದ್ದೆ ಮಾಡಿಕೊಂಡು ಕೆಟಲ್ ಮುಟ್ಟಿದೆ. ಬೊಬ್ಬೆ ಎದ್ದಿದೆ. ಪಕ್ಕದ ಮೇಜಿನವಳು ಬೆಣ್ಣೆ ಹಚ್ಚುತ್ತ, ‘ಮೊದಲೆಲ್ಲ ನಿಂಗೆ ಸುಡ್ತಾನೇ ಇರ್ಲಿಲ್ಲವಲ್ಲೇ’ ಅಂದಳು. ಅವಳ ಮುಂದೆ ಅಳಬಾರದೆಂದು ‘ಬೆಣ್ಣೆ ಹಳಸಿದೆ’ ಎಂದು ಎದ್ದುಹೋದೆ.

ಹತ್ತಿಯನ್ನು ಏನು ಮಾಡಿದೆ ಎಂದು ನೀನು ಬರೆದೇ ಇಲ್ಲ. ತೆಗೆದೆ ಎಂದೆ, ಕೊಯ್ದೆ ಎಂದೆ, ಎಸೆದೆ ಎನ್ನಲಿಲ್ಲ. ಎಲ್ಲಿಟ್ಟೆ?

ನಿನ್ನ ಮಗಳು

ಡಿಸೆಂಬರ್ ೯

ನನ್ನ ಬಂಗಾರದ ಮೈಗಳ್ಳಿ,

ನಿನ್ನ ಕಾಗದವನ್ನು ಗುಂಡಿ ಅಂಗಡಿಯವರಿಗೆ ಓದಿ ಹೇಳಿದೆ. ಕಣ್ಣು ಒರೆಸಿಕೊಂಡು, ‘ನಂಗೆ ಧೂಳು ಆಗಲ್ಲ’ ಅಂದರು. ಧೂಳಿಲ್ಲದ ಕೋಣೆಯಲ್ಲಿ ಪಾಪ. ಅವತ್ತಿನಿಂದ ಅವರು ಮೇಲೆ ಬರುವಾಗ ಮೆಟ್ಟಿಲಲ್ಲೇ ಕೆಮ್ಮುತ್ತಾರೆ, ಗೊಂಬೆಗಳು ಬಟ್ಟೆ ಸರಿಮಾಡಿಕೊಳ್ಳಲಿ ಎಂದಿರಬೇಕು.

ಕೆಲಸ ಜೋರಾಗಿದೆ. ಹಲ್ಲಿನ ಡಾಕ್ಟರಮ್ಮ ಧೈರ್ಯ ಮಾಡಿ ಬಂದರು, ಅಳತೆ ಕೊಟ್ಟರು. ಇಸ್ತ್ರಿಗೆ ಯಾರನ್ನಾದರೂ ಇಟ್ಟುಕೊಳ್ಳಬೇಕೆಂದಿದ್ದೆ, ಈಗ ಬೇಡವೆನಿಸುತ್ತಿದೆ. ನಾನೇ ಮಾಡಿಕೊಳ್ಳುತ್ತಿದ್ದೇನೆ. ಮೊದಲು ಕಾಲರು ಸುಡುತ್ತಿದ್ದವಳು, ಈಗ ನೆರಿಗೆಯೂ ಹೂವಿನ ಹಾಗೆ ಕೂರುತ್ತದೆ. ಬಿಸಿ ಎಷ್ಟಿದೆಯೆಂದು ಬೆರಳಿಗೆ ತಾನಾಗಿ ತಿಳಿಯುತ್ತದೆ.

ಎಲ್ಲಿಟ್ಟೆ ಎಂದು ಕೇಳಿದ್ದೀಯ. ಕೋಣೆಯ ಪದ್ಧತಿ ನಾನೇ ಮುರಿದರೆ ಹೇಗೆ? ಹೋದವರ ಹತ್ತಿ ಇರುವವರ ಗೊಂಬೆಗೆ. ಮೂಲೆಯಲ್ಲಿ ನನ್ನದೊಂದು ಇದೆಯಲ್ಲ, ಅದು ಬಹಳ ದಿನದಿಂದ ಸಡಿಲವಾಗಿತ್ತು. ಎಲ್ಲವೂ ಹಿಡಿಯಿತು. ಗಂಟನ್ನು ಎಸೆಯಲು ಬೀದಿಯವರೆಗೂ ಒಯ್ದೆ. ಅದರ ಮೇಲೂ ಅವಳ ಹತ್ತಿಯೇ ಸುತ್ತಿತ್ತು. ವಾಪಸ್ಸು ತಂದು ಅದನ್ನೂ ಒಳಗೆ ಸೇರಿಸಿದೆ.

ಗುಂಡಿ ಅಂಗಡಿಯವರು, ‘ಏನಮ್ಮಾ, ಹಳೇ ತಕ್ಕಡಿ ಹಾಗೆ ಒಂದು ಕಡೆ ವಾಲ್ತಿದ್ದೀರಿ’ ಎಂದು ಚೇಷ್ಟೆ ಮಾಡುತ್ತಾರೆ. ವಯಸ್ಸಾದ ಮೇಲೆ ಯಾವುದಾದರೂ ಒಂದು ಕಡೆ ವಾಲಲೇಬೇಕು. ಕೋಣೆಯಲ್ಲಿ ಈಗ ಒಂಟಿ ಅನ್ನಿಸುವುದಿಲ್ಲ, ಅದು ದೊಡ್ಡದು. ನೀನು ಅನುಭವಿಸಿದ್ದು ನನಗೆ ಈಗ ಅರ್ಥವಾಗುತ್ತಿದೆ.

ನಿನ್ನ ಕಂದು ಜಾಕೆಟ್ಟನ್ನು ಹೊಲಿಗೆ ಮುಟ್ಟದೆ ವಾಪಸ್ಸು ಕಳಿಸುತ್ತಿದ್ದೇನೆ. ನಿನಗೆ ಸರಿಯಾಗುತ್ತದೆ. ನನ್ನ ರವಿಕೆಯೊಂದನ್ನು ಮಾತ್ರ ನಿನ್ನೆ ಕೂತು ಸರಿಮಾಡಿಕೊಂಡೆ, ಎಡಗಡೆ ಒಂದು ಬೆರಳು ಬಿಟ್ಟೆ. ಬಲಗಡೆ ಬೇಕಾಗಲಿಲ್ಲ. ದಪ್ಪ ಆಗಿದ್ದೀನಿ, ಅಷ್ಟೆ.

ಚೆನ್ನಾಗಿದ್ದೀನಿ,
ನಿನ್ನ ದೊಡ್ಡಮ್ಮ

ಡಿಸೆಂಬರ್ ೧೩

ದೊಡ್ಡಮ್ಮ,

‘ಚೆನ್ನಾಗಿದ್ದೀನಿ’ ಎಂಬ ಒಂದೇ ಸಾಲು ನನ್ನಿಂದ ಬಂದರೆ ನಂಬದವಳು ನೀನು. ನಾನು ನಂಬುತ್ತೇನೆಂದುಕೊಂಡೆಯಾ?

ಈ ಕಾಗದ ತಲುಪಿದ ಮಾರನೆ ದಿನವೇ ನಾನೂ ಬಂದಿರುತ್ತೇನೆ. ರಜೆ ಕೇಳಿದೆ. ಸಂಪಾದಕರು, ‘ಬಿ ಮುಗಿಯೋದು ಹೇಗೆ?’ ಅಂದರು. ‘ಮೂಲ ತಿಳಿಯದು ಅಂತ ಬರ್ಕೊಳ್ಳಿ ಸಾರ್’ ಎಂದು ಬಂದೆ. ಅಲ್ಲಿಯ ಡಾಕ್ಟರಿಗೆ ಬರೆದು ದಿನ ಗೊತ್ತು ಮಾಡಿದ್ದೇನೆ. ಹಲ್ಲಿನವರಿಗಲ್ಲ, ನಿಜವಾದವರಿಗೆ. ಕಾಯಿಲೆಯ ಜೊತೆ ಒಬ್ಬಳನ್ನೇ ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲಿಗೆ ಸಾಕು.

ನಿನ್ನ ರವಿಕೆಯ ಹೊಲಿಗೆಯನ್ನು ಇನ್ನು ಒಂದು ನೂಲಿನಷ್ಟೂ ಬಿಡಬೇಡ. ಗೊಂಬೆಯ ಬೆನ್ನನ್ನೂ ಮುಟ್ಟಬೇಡ. ನಿನ್ನ ಬೆನ್ನು ನಿನಗೆ ಕಾಣುವುದಿಲ್ಲವೆಂದು ನೀನೇ ಬರೆದಿದ್ದೆ. ಅದನ್ನು ನಾನು ಬಿಚ್ಚುತ್ತೇನೆ. ಗಂಟು ಅಮ್ಮನಲ್ಲ ದೊಡ್ಡಮ್ಮ. ಅದರ ಮೇಲೆ ಅವಳ ಹತ್ತಿ ಸುತ್ತಿದ್ದರೆ ಅದು ಕದ್ದು ಸುತ್ತಿಕೊಂಡದ್ದು, ಅವಳು ಕೊಟ್ಟದ್ದಲ್ಲ. ಎಳೆಎಳೆಯಾಗಿ ಬಿಡಿಸಿ ಅವಳದ್ದನ್ನು ಉಳಿಸಿಕೊಳ್ಳೋಣ. ಉಳಿದದ್ದನ್ನು ಬೀದಿಯವರೆಗೆ ನಾನು ಒಯ್ಯುತ್ತೇನೆ, ವಾಪಸ್ಸು ತರುವುದಿಲ್ಲ.

ಮಿಕ್ಕ ಹತ್ತಿ ಎರಡು ಪಾಲು. ಅರ್ಧ ನಿನ್ನದರಲ್ಲಿರಲಿ, ಅರ್ಧ ನನ್ನದಕ್ಕೆ. ಇಬ್ಬರೂ ಸ್ವಲ್ಪ ಸ್ವಲ್ಪ ವಾಲಿದರೆ ಯಾರೂ ಬೀಳುವುದಿಲ್ಲ. ನನಗೆ ಈ ನೆಟ್ಟಗಿನ ಭುಜ ಬೇಡ, ಚೀಲ ಒಮ್ಮೊಮ್ಮೆಯಾದರೂ ಜಾರಬೇಕು.

ಕೋಟು ತೊಟ್ಟುಕೊಂಡೇ ಬರುತ್ತಿದ್ದೇನೆ. ಬಲಭುಜದಲ್ಲಿ ಈಗ ಬಟ್ಟೆ ಖಾಲಿ ಸುಕ್ಕುಗಟ್ಟಿ ನಿಲ್ಲುತ್ತದೆ. ಅದನ್ನು ಸರಿಮಾಡಬೇಡ, ತುಂಬಿಕೊಳ್ಳುತ್ತದೆ.

ಇಸ್ತ್ರಿ ಪೆಟ್ಟಿಗೆ ಕಾಯಿಸಿಡು. ನೀನು ಮುಟ್ಟಬೇಡ. ಈ ಸಲ ನಾನು ಮುಟ್ಟಿ ನೋಡುತ್ತೇನೆ.

ನಿಮ್ಮಿಬ್ಬರ ಮಗಳು